ವರ್ಷಕ್ಕೊಮ್ಮೆ ಹೊರಬೀಳುವ ಸೂಕ್ಷ್ಮದರ್ಶಕ

ಹಾನಗಲ್ ತಾಲೂಕಿನ ಹಳ್ಳಿಯೊಂದರ ಸಾಲಿಯಲ್ಲಿ ನಾನು ವಿಜ್ಞಾನ ಕಲಿಸಿದೆ. ಕಲಿಸಿದೆ ಅನ್ನುವುದಕ್ಕಿಂತ, ಕಲಿಸಲು ಬಿಡ್ರಿ ಎಂದು ಬೇಡಿಕೊಂಡೆ ಅಂದರೆ ಸರಿಯಾದೀತು. ಸಾಮಾನಿಗೆ ಬರವಿದ್ದರೂ ಇಂಥ ಪ್ರಸಂಗಗಳಿಗೆ ದೇವರು ಅಲ್ಲಿ ಎಂದೂ ಕಡಿಮೆ ಮಾಡಲಿಲ್ಲ.

೧. ಪೆಟ್ಟಿಗೆ ಬಂತು

ಎಪ್ಪತ್ತರ ದಶಕದ ಕೊನೆಗೆ ಹಾನಗಲ್ಲಿನಿಂದ ಬಸ್ಸಿನ ಮೇಲೆ ಕೂತು ವಿಜ್ಞಾನದ ಪೆಟ್ಟಿಗೆ ಬಂತು. ಒಳಗೆ ಸೂಕ್ಷ್ಮದರ್ಶಕ, ಒಂದು ಕನ್ನಡಿ, ಎರಡು ಗಾಜಿನ ನಳಿಗೆ. ಹೆಡ್‌ಮಾಸ್ತರರು ಒಮ್ಮೆ ಮುಟ್ಟಿ ನೋಡಿ, ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

"ಮಕ್ಕಳಿಗೆ ತೋರಸೋದು ಬ್ಯಾಡೇನ್ರಿ?"

"ಒಡದರ ಮ್ಯಾಲಿನವರಿಗೆ ಜವಾಬು ಯಾರು ಕೊಡೋರು? ಬೋರ್ಡಿನ ಮ್ಯಾಲ ಚಿತ್ರಾ ತಗೀರಿ. ಚಿತ್ರಾ ಒಡಿಯೂದಿಲ್ಲ."

ತೆಗೆದೆ. ಉಳ್ಳಾಗಡ್ಡಿಯ ಪೊರೆ ಇಟ್ಟು ನೋಡಿದರೆ ಇಟ್ಟಂಗಿ ಗೋಡೆಯಂತೆ ಜೀವಕೋಶಗಳು ಕಾಣುತ್ತವೆ ಎಂದೆ. ಐದನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತಳು.

"ನೀವು ನೋಡೀರೇನ್ರಿ, ಗುರುಗಳ?"

"ಇಲ್ಲವಾ. ನಮ್ಮ ಗುರುಗಳೂ ಬೋರ್ಡಿನ ಮ್ಯಾಲ ತೋರಿಸಿದ್ರು."

೨. ಗೆದ್ದಲು ಓದಿದ ಪಟ

ಕೀಲಿ ಇಲ್ಲದ ಸಾಮಾನೆಂದರೆ ಗೋಡೆಗೆ ತೂಗಿದ್ದ ಪಚನಾಂಗಗಳ ಪಟವೊಂದೇ. ಅದನ್ನು ಗೆದ್ದಲು ಓದಿತು. ಆ ಸಲ ಪರೀಕ್ಷೆಯಲ್ಲಿ ಇಡೀ ವರ್ಗವೇ ಅನ್ನನಾಳದಿಂದ ನೇರ ಕರುಳಿಗೆ ಗೆರೆ ಎಳೆದಿತ್ತು.

"ಜಠರ ಎಲ್ರೋ?" ಎಂದು ಗದರಿದೆ.

"ಹುಳಾ ತಿಂದೈತ್ರಿ. ಪಟದಾಗ ಇದ್ದಂಗ ತಗೀರಿ ಅಂತ ನೀವ ಹೇಳೀರಿ."

೩. ಖಂಡೇಪೂಜೆ

ಕಪಾಟು ತೆರೆಯುತ್ತಿದ್ದುದು ವರ್ಷಕ್ಕೊಮ್ಮೆ, ಮಾನೌಮಿಯ ಆಯುಧಪೂಜೆಗೆ. ಗಂಟೆ, ಗುದ್ದಲಿ, ಸೂಕ್ಷ್ಮದರ್ಶಕ ಸಾಲಾಗಿ ಕೂಡುತ್ತಿದ್ದವು. ಪೂಜೆ ನನ್ನದೇ. ಸ್ನಾನ ಮಾಡಿ ಬಂದು, ಸೂಕ್ಷ್ಮದರ್ಶಕಕ್ಕೆ ವಿಭೂತಿ ಎಳೆದು, ನೋಡುವ ವಸ್ತುವಿಗೆ ಕಣ್ಣೇ ಪ್ರಾಣವಲ್ಲವೆ ಎಂದು ಮೇಲಿನ ಗಾಜಿಗೇ ಕುಂಕುಮ ಏರಿಸುತ್ತಿದ್ದೆ. ಭಕ್ತಿಯಿಂದ, ಕೈತುಂಬ.

ಆ ಹುಡುಗಿ ಉಳ್ಳಾಗಡ್ಡಿ ಹಿಡಿದುಕೊಂಡೇ ಬಂದಿದ್ದಳು. "ಇವತ್ತರ ತೋರಸ್ರಿ, ಗುರುಗಳ."

ಹೆಡ್‌ಮಾಸ್ತರರು ಗಲ್ಲ ಬಡಿದುಕೊಂಡರು. "ಖಂಡೇಪೂಜಿ ದಿನಾ ಆಯುಧಾ ಬಳಸತಾರೇನವಾ?"

ಮರುದಿನ ಅವಳು ಬನ್ನಿ ಕೊಡಲು ಬರುವುದರೊಳಗೆ ಕೀಲಿ ಬಿದ್ದಿತ್ತು. ಹೊರಗಿದ್ದ ದಿನ ಮುಟ್ಟುವಂತಿಲ್ಲ. ಮುಟ್ಟಬಹುದಾದ ದಿನ ಅದು ಹೊರಗಿಲ್ಲ.

೪. ಸಾಹೇಬರ ಕಣ್ಣು

ಹುಡುಗಿ ಏಳನೆಯ ಇಯತ್ತೆಗೆ ಬಂದಳು. ನಮ್ಮ ಸಾಲಿಯಲ್ಲಿ ಅದೇ ಕೊನೆಯ ವರ್ಷ. ತಪಾಸಣೆಗೆ ಬಂದ ಸಾಹೇಬರು, "ಸೂಕ್ಷ್ಮದರ್ಶಕ ತರ್ರಿ" ಅಂದೇಬಿಟ್ಟರು. ಕೀಲಿ ತೆರೆಯಿತು. ಹುಡುಗಿ ಮನೆಗೆ ಓಡಿ ಉಳ್ಳಾಗಡ್ಡಿ ತಂದಳು. "ಶಿವಾ, ಇವತ್ತೊಂದು ದಿನ" ಎಂದು ಪೊರೆ ಬಿಡಿಸಿ ಇಟ್ಟೆ. ಮೊದಲು ಸಾಹೇಬರೇ ಬಗ್ಗಿದರು.

"ಭಲೇ! ರಕ್ತದ ಕಣಾ ಎಷ್ಟು ಚಂದ ಕಾಣಾಕತ್ತಾವ!"

ಮೂರು ವರ್ಷ ನಾನೇ ಏರಿಸಿದ ಕುಂಕುಮ ನೆನಪಾಯಿತು. "ಸಾಹೇಬ್ರ, ಅದು ಉಳ್ಳಾಗಡ್ಡಿ..." ಎನ್ನುವುದರೊಳಗೆ ಹೆಡ್‌ಮಾಸ್ತರರು ನನ್ನ ಕಾಲು ತುಳಿದರು. ಸಾಹೇಬರು ತಲೆಯೆತ್ತಿದಾಗ ಬಲಗಣ್ಣಿನ ಸುತ್ತ ದುಂಡನೆಯ ಕೆಂಪು ಉಂಗುರ. ಪುಣ್ಯಕ್ಕೆ, ಸಾಲಿಗಿದ್ದ ಒಂದೇ ಕನ್ನಡಿ ಪೆಟ್ಟಿಗೆಯಲ್ಲಿತ್ತು. ಉಪಕರಣಗಳು ಹೀಗೇ ಜೋಪಾನವಾಗಿರಲಿ ಎಂದು ಬರೆದು, ಆ ಕಣ್ಣಿನಿಂದಲೇ ಬಸ್ಸು ಹತ್ತಿದರು.

ಹುಡುಗಿಯ ಸರದಿ ಬರುವ ಮೊದಲೇ ಹೆಡ್‌ಮಾಸ್ತರರು ಕಪಾಟಿಗೆ ಎರಡು ಕೀಲಿ ಜಡಿದರು. ಅವಳು ಉಳಿದ ಉಳ್ಳಾಗಡ್ಡಿಯನ್ನು ತಿರುವಿ ತಿರುವಿ ನೋಡಿದಳು.

"ಗುರುಗಳ, ಉಳ್ಳಾಗಡ್ಡ್ಯಾಗ ರಕ್ತ ಇರತೈತಿ ಅಂತ ಪರೀಕ್ಷೆದಾಗ ಬರೀಲೇನ್ರಿ? ಸಾಹೇಬ್ರು ಕಣ್ಣಾರೆ ನೋಡ್ಯಾರ."