ಗಾಳಿಪಟಕ್ಕೆ ಬ್ರೇಕ್ ಇಲ್ಲ

ಡ್ರೈವಿಂಗ್ ಕಲಿಸುವವನ ಮಾನ ವಾರಕ್ಕೊಮ್ಮೆಯಾದರೂ ಹೋಗುತ್ತದೆ. ಹದಿನೈದು ವರ್ಷ ದುಬೈಯಲ್ಲಿ ಇದೇ ಕೆಲಸ ಮಾಡಿದ ಮೇಲೆ ನನಗದು ಅಭ್ಯಾಸವಾಗಿದೆ. ಆದರೆ ಕಳೆದ ಚಳಿಗಾಲದಲ್ಲಿ ಅದು ಪ್ರತಿ ಆದಿತ್ಯವಾರ, ಬೀಚಿನಲ್ಲಿ, ನಾಲ್ಕು ಜನ ನೋಡುತ್ತಿರುವಾಗಲೇ ಹೋಯಿತು.

೧. ಪಂಥ

ಹೆಂಡತಿಗೆ ಲೈಸೆನ್ಸ್ ಬೇಕಿತ್ತು. "ನಮ್ಮ ಸ್ಕೂಲಿಗೇ ಸೇರು, ನಾನೇ ಕಲಿಸುತ್ತೇನೆ" ಎಂದೆ.

"ಬೇಡ ಮಾರಾಯ್ರೆ, ನೀವು ಬೊಬ್ಬೆ ಹಾಕ್ತೀರಿ. ನಿಮ್ಮಲ್ಲೇ ಪಾಲಕ್ಕಾಡಿನ ಮಾಸ್ಟ್ರು ಒಬ್ಬರಿದ್ದಾರಲ್ಲ, ಮಾತೇ ಆಡುವುದಿಲ್ಲವಂತೆ. ಅವರ ಹತ್ತಿರ ಹೋಗ್ತೇನೆ."

ಸ್ವಂತ ಹೆಂಡತಿಯೇ ಬೇರೆ ಮಾಸ್ಟ್ರ ಕಾರು ಹತ್ತಿದರೆ ನಾನು ಸ್ಕೂಲಿನಲ್ಲಿ ಮುಖ ತೋರಿಸುವುದು ಹೇಗೆ? ನಾನು ಬೊಬ್ಬೆ ಹಾಕುವವನಲ್ಲ, ಸ್ವಲ್ಪ ಗಟ್ಟಿಯಾಗಿ ವಿವರಿಸುವವನು. ಇದನ್ನು ಅವಳಿಗೂ ಗಟ್ಟಿಯಾಗಿ ವಿವರಿಸಿದೆ.

ಇಲ್ಲಿಯ ದೇರಾ ಪೇಟೆಯಲ್ಲಿ ಮಸಾಲೆ ಅಂಗಡಿ ಇಟ್ಟಿರುವ ನಮ್ಮ ಮಂಗಳೂರಿನ ಬ್ಯಾರಿಯೊಬ್ಬರು ಆಗ ನನ್ನ ಸ್ಟೂಡೆಂಟ್. ಟೆಸ್ಟಿನಲ್ಲಿ ನಾಲ್ಕು ಸಲ ಫೇಲ್. ರಜೆಯ ದಿನ ಬೀಚಿನಲ್ಲಿ ಎರಡು ದಾರದ ಗಾಳಿಪಟ ಹಾರಿಸುವುದು ಅವರ ಹುಚ್ಚು.

"ಅವರ ಹತ್ತಿರ ಗಾಳಿಪಟ ಕಲಿಯಿರಿ" ಎಂದಳು ಹೆಂಡತಿ. "ಬಾಯಿ ಮುಚ್ಚಿಕೊಂಡು ಅದರಲ್ಲಿ ಎಂಟು ಬರೆದು ತೋರಿಸಿದರೆ ನಾನು ನಿಮ್ಮ ಸ್ಟೂಡೆಂಟ್."

ನಾನು ಉತ್ತರ ಕೊಡುವ ಮೊದಲೇ ಪಕ್ಕದ ಫ್ಲ್ಯಾಟಿನವರು ಗೋಡೆ ಬಡಿದರು. ಹಿಂದಿನ ವಿವರಣೆಯೇ ಅವರಿಗೆ ಸಾಕಾಗಿತ್ತು.

೨. ಬಲಗಾಲು

ಬಾಲವಿಲ್ಲದ, ತ್ರಿಕೋನದ ಗಾಳಿಪಟ. ಕೈಗೊಂದು ದಾರ. ಬಲಗೈ ಎಳೆದರೆ ಬಲಕ್ಕೆ, ಎಡಗೈ ಎಳೆದರೆ ಎಡಕ್ಕೆ. ವೇಗ ಮಾತ್ರ ಹೈವೇಯಲ್ಲಾಗಿದ್ದರೆ ಕ್ಯಾಮೆರಾ ಹೊಡೆಯುವಷ್ಟು.

ಮೇಲೇರಿದ್ದು ತಲೆಕೆಳಗಾಗಿ ನೆಲಕ್ಕೆ ನುಗ್ಗಿತು. ನನ್ನ ಬಲಗಾಲು ತಾನಾಗಿಯೇ ಮರಳನ್ನು ಒತ್ತಿತು. ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇರುವ ಕಾರಿನಲ್ಲಿ ಹದಿನೈದು ವರ್ಷ ಕೂತ ಕಾಲು, ಪಾಪ, ಅದಕ್ಕೇನು ಗೊತ್ತು! ಪ್ರತಿ ಸಲ ಒತ್ತಿ ಒತ್ತಿ ಪಾದದ ಕೆಳಗೆ ಹೊಂಡವೇ ಆಯಿತು, ಗಾಳಿಪಟ ಒಮ್ಮೆಯೂ ನಿಲ್ಲಲಿಲ್ಲ.

"ಸಾರ್, ಬೀಳುವಾಗ ನಾಲ್ಕು ಹೆಜ್ಜೆ ಮುಂದೆ ಹೋಗಬೇಕು. ದಾರ ಸಡಿಲಾಗ್ತದೆ, ಪೆಟ್ಟು ಕಮ್ಮಿ" ಎಂದರು ಅಂಗಡಿಯವರು.

"ಎದುರಿಗೆ ಆಕ್ಸಿಡೆಂಟ್ ಕಾಣುವಾಗ ಇನ್ನೂ ಮುಂದೆ ಹೋಗುವುದಾ?"

"ಹೌದು ಸಾರ್."

"ನೀವು ನಾಲ್ಕು ಸಲ ಫೇಲಾದದ್ದು ಯಾಕೆ ಅಂತ ಈಗ ಗೊತ್ತಾಯ್ತು!"

೩. ಗಿರಗಿರ

ಬಲಕ್ಕೆ ತಿರುಗಿಸುವುದು ಬಂತು. ತಿರುಗಿಸುವುದನ್ನು ನಿಲ್ಲಿಸುವುದು ಬರಲಿಲ್ಲ. ಗಾಳಿಪಟ ಬಲಕ್ಕೇ ಐದು ಸುತ್ತು ಹೊಡೆದು ದಾರಗಳೆರಡೂ ಜಡೆಯಂತೆ ಹೆಣೆದುಕೊಂಡವು. ಎಡಕ್ಕೆ ಅಷ್ಟೇ ಸುತ್ತು ಹೊಡೆಸಿದರೆ ತಾನಾಗಿ ಬಿಚ್ಚಿಕೊಳ್ಳುತ್ತದೆಯಂತೆ. ಆದರೆ ನನಗೆ ಹೊಳೆದದ್ದು ನಾನೇ ತಿರುಗುವುದು. ಗಿರಗಿರ ಸುತ್ತಿದೆ. ದಾರ ಬಿಚ್ಚಲಿಲ್ಲ, ನನ್ನನ್ನೇ ಕಟ್ಟಿಹಾಕಿತು.

ವಾಕಿಂಗ್ ಬಂದಿದ್ದ ಅರಬ್ ಹಿರಿಯರೊಬ್ಬರು ಓಡಿಬಂದು "ಸಿದ್ದಿಕ್, ತಬಿಯತ್ ಠೀಕ್ ಹೈ?" ಎಂದು ನೀರಿನ ಬಾಟಲಿ ಚಾಚಿದರು. ಸಿದ್ದಿಕ್ ಅಂದರೆ ಅವರ ಭಾಷೆಯಲ್ಲಿ ಗೆಳೆಯ. ತೆಗೆದುಕೊಳ್ಳಲು ನನಗೆ ಕೈಯೇ ಇರಲಿಲ್ಲ. ಮುಚ್ಚಳ ತೆಗೆದು ಅವರೇ ಕುಡಿಸಿದರು.

೪. ಏಲಕ್ಕಿ

ಬಾಯಿ ಮುಚ್ಚಿಸುವ ಉಪಾಯ ಅಂಗಡಿಯವರದ್ದೇ. ನನ್ನ ಬಾಯಿಗೆ ಒಂದು ಏಲಕ್ಕಿ ಇಟ್ಟು, "ಪಟ ಇಳಿಯುವವರೆಗೆ ಜಗಿಯಬಾರದು, ತುಟಿ ಬಿಚ್ಚಬಾರದು ಸಾರ್" ಎಂದರು. ಕೆಲಸ ಮಾಡಿತು! ಹುರುಪಿನಲ್ಲಿ ಕಾರಿನಲ್ಲೂ ಹಾಕಿಕೊಂಡು ಕೂತೆ. ಮೂರನೆಯ ದಿನ ಸ್ಟೂಡೆಂಟ್ ಒಬ್ಬಳು ಕಾರನ್ನು ಬದಿಗೆ ನಿಲ್ಲಿಸಿ ಅಳತೊಡಗಿದಳು.

"ಸಾರ್, ನಾನು ಅಷ್ಟು ಕೆಟ್ಟದಾಗಿ ಓಡಿಸ್ತೇನಾ? ಬಯ್ಯುವುದನ್ನೂ ಬಿಟ್ಟುಬಿಟ್ಟಿರಲ್ಲ!"

೫. ಪರೀಕ್ಷೆ

ಕೊನೆಗೊಂದು ಆದಿತ್ಯವಾರ ಹೆಂಡತಿ ಬೀಚಿಗೆ ಬಂದಳು. ಒಳ್ಳೆ ಗಾಳಿ. ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು, ಆಕಾಶದಲ್ಲಿ ಅಡ್ಡ ಮಲಗಿದ ಎಂಟು! ನನ್ನ ಬಾಯಿಂದ ಒಂದೇ ಒಂದು ಶಬ್ದವಿಲ್ಲ.

"ಆಯ್ತು, ನಾನು ಸೋತೆ. ನಾಳೆ ನಿಮ್ಮ ಹತ್ತಿರವೇ ಹೆಸರು ಬರೆಸ್ತೇನೆ" ಎಂದಳು.

ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಆ ಖುಷಿಯಲ್ಲಿ "ಹಿಡಿ, ನೀನೂ ಹಾರಿಸು" ಎಂದು ದಾರ ಅವಳ ಕೈಗೆ ಕೊಟ್ಟೆ. ಕೊಡಬಾರದಿತ್ತು. ಗಾಳಿಪಟ ನೆಟ್ಟಗೆ ಮೇಲೇರಿ, ವಾಲಿ, ಮೂತಿ ಕೆಳಗೆ ಮಾಡಿತು.

"ಎಡ! ಎಡ ಅಂದದ್ದು! ನಿನ್ನ ಎಡ ಯಾವುದು? ಸ್ಟಾಪ್! ಸ್ಟಾಪ್! ಸ್ಟಾಪ್!"

ಗಾಳಿಪಟ ನಿಲ್ಲಲಿಲ್ಲ. ಹಿಂದಿನ ಪಾರ್ಕಿಂಗ್‌ನಲ್ಲಿ ರಿವರ್ಸ್ ಬರುತ್ತಿದ್ದ ಬಿಳಿ ಕಾರೊಂದು ಕಿರ್ರೆಂದು ನಿಂತಿತು. ಇಳಿದು ಬಂದವನು ನನ್ನ ಹಳೆಯ ಸ್ಟೂಡೆಂಟ್. ಲೈಸೆನ್ಸ್ ಸಿಕ್ಕಿ ಆರು ವರ್ಷವಾಗಿದೆ, ಜೆಬೆಲ್ ಅಲಿ ಬಂದರಿನಲ್ಲಿ ಮ್ಯಾನೇಜರ್, ಕೈಕೆಳಗೆ ನೂರು ಜನ. ಬೆವರು ಒರೆಸಿಕೊಳ್ಳುತ್ತ ಕೈಕಟ್ಟಿ ನಿಂತ.

"ಸಾರಿ ಸಾರ್. ಮಿರರ್ ನೋಡಿದ್ದೆ ಸಾರ್, ದೇವರಾಣೆ."

ಹೆಂಡತಿ ಅವನನ್ನು ನೋಡಿದಳು, ನನ್ನನ್ನು ನೋಡಿದಳು. "ಇಲ್ಲ ಮಾರಾಯ್ರೆ, ನಾನು ಪಾಲಕ್ಕಾಡಿನ ಮಾಸ್ಟ್ರ ಹತ್ತಿರವೇ ಹೋಗ್ತೇನೆ."

ನಾನು ಏನಾದರೂ ಹೇಳುವ ಮೊದಲೇ ಅವನು ದನಿ ತಗ್ಗಿಸಿ ಹೇಳಿದ: "ಬೇಗ ಬುಕ್ ಮಾಡಿ ಮೇಡಂ. ನಮ್ಮ ಮನೆಯವಳಿಗೆ ಎರಡು ತಿಂಗಳು ಕಾದ ಮೇಲೆ ಅವರು ಸಿಕ್ಕಿದ್ದು."