ಮಲಗಿದೆಯಾ ಎಂದು ಎಬ್ಬಿಸಿ ಕೇಳಿದ್ದು

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎಂಬ ಗಾದೆ ಕಟ್ಟಿದವರು ನಮ್ಮ ವಂಶದ ಯಾರನ್ನೋ ಕಣ್ಣಾರೆ ನೋಡಿರಬೇಕು. ಅನ್ನಕ್ಕಿಟ್ಟರೆ ಬೆಂದಿತೇ ಎಂದು ಹತ್ತು ಸಲ ಮುಚ್ಚಳ ತೆಗೆಯುವವನು ನಾನು. ಬೀಗ ಹಾಕಿ ಬೀದಿಯ ತುದಿಗೆ ಹೋದವನು ಅದನ್ನು ಎಳೆದು ನೋಡಲು ವಾಪಸು ಬರುತ್ತೇನೆ. "ಲೋಕದಲ್ಲಿ ಕೆಲವು ಕೆಲಸ ನೀವು ನೋಡ್ದೇ ಇದ್ರೂ ನಡೀತವೆ ಕಣ್ರೀ" ಎಂದು ನನ್ನ ಹೆಂಡತಿ ಹೇಳುತ್ತಲೇ ಇರುತ್ತಾಳೆ. ನಾನು ನಂಬಿಲ್ಲ.

ಮಧುಗಿರಿಯ ಪುಟ್ಟ ಕಾಲೇಜೊಂದರಲ್ಲಿ ನಾನು ಲೈಬ್ರೇರಿಯನ್. ನಮ್ಮ ಲೈಬ್ರರಿಯ ಕಂಪ್ಯೂಟರಿಗೆ ವಯಸ್ಸಾಗಿದೆ. ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿ, ಮೂರು ಬೇಸಿಗೆ ರಜೆ ಕೂತು ಪುಸ್ತಕಗಳ ಪಟ್ಟಿಯನ್ನೆಲ್ಲ ಟೈಪು ಮಾಡಿ, ಹುಡುಗರು ಮೊಬೈಲಿನಲ್ಲೇ ಹುಡುಕುವ ಹಾಗೆ ಮಾಡಿದ್ದೆ. ಆದರೆ ಪಟ್ಟಿ, ಹಾಜರಿ, ಪ್ರಿಂಟರು ಎಂದು ಒಂದೊಂದಕ್ಕೂ ಒಂದೊಂದು ಪ್ರೋಗ್ರಾಂ ಬೆಳಗಿನಿಂದ ಸಂಜೆವರೆಗೆ ಎದ್ದು ಕೂತು, ಮೆಮೊರಿಯನ್ನೆಲ್ಲ ನುಂಗಿ, ಯಂತ್ರ ಏದುಸಿರು ಬಿಡುತ್ತಿತ್ತು. ಶಿರಾ ಕಡೆಯವರಾದ ನಮ್ಮ ಪ್ರಿನ್ಸಿಪಾಲರು ಬಂದು ನೋಡಿ, "ರೀ, ಸೋಮವಾರ ಬರ್ತೀನಿ. ಅಷ್ಟರಲ್ಲಿ ಇದು ನೆಟ್ಟಗಾಗ್ಲಿಲ್ಲ ಅಂದ್ರೆ ಗುಜರಿಗೆ ಹಾಕ್ಬುಡೋದೇ. ನಿಮ್ ಹಳೇ ಕಾರ್ಡಿನ ಡಬ್ಬಾ ಐತಲ್ಲ, ಸಾಕು!" ಎಂದರು. ನನ್ನ ಮೂರು ಬೇಸಿಗೆ ಗುಜರಿಗೆ!

ಲಿನಕ್ಸಿನ ಕೈಪಿಡಿಯಲ್ಲಿ ಹುಡುಕಾಡಿದಾಗ ಸಾಕೆಟ್ ಆಕ್ಟಿವೇಶನ್ ಎಂಬ ಉಪಾಯ ಸಿಕ್ಕಿತು. ಪ್ರೋಗ್ರಾಂ ತನ್ನ ಪಾಡಿಗೆ ಮಲಗಿರುತ್ತದೆ. ಬಾಗಿಲಿಗೆ ಕಿವಿಗೊಟ್ಟು ಕೂರುವ ಕೆಲಸ ಲಿನಕ್ಸಿನದು. ಯಾರಾದರೂ ಬಾಗಿಲು ತಟ್ಟಿದರೆ ಅದು ಪ್ರೋಗ್ರಾಮನ್ನು ಎಬ್ಬಿಸಿ, ಬಂದವರನ್ನು ಅದರ ಕೈಗೊಪ್ಪಿಸುತ್ತದೆ. ಬಾಗಿಲಿಗೊಂದು, ಮಲಗುವವನಿಗೊಂದು, ಎರಡು ಸಣ್ಣ ಫೈಲು ಬರೆದರೆ ಆಯಿತು. ಐದು ನಿಮಿಷ ಯಾರೂ ಮಾತಾಡಿಸದಿದ್ದರೆ ಮತ್ತೆ ಮಲಗತಕ್ಕದ್ದು ಎಂದೂ ಸೇರಿಸಿ, ಗೆದ್ದೆನೆಂದು ಕಾಫಿ ಕುಡಿದೆ.

ಆಮೇಲೆ ಶುರುವಾಯಿತು ನೋಡಿ. ಮಲಗಿತೇ ಎಂದು ಪಟ್ಟಿಯ ಪುಟ ತೆರೆದೆ. ಎಚ್ಚರವಾಗಿತ್ತು! ಹತ್ತು ನಿಮಿಷ ಬಿಟ್ಟು ತೆರೆದೆ, ಎಚ್ಚರ. ಅರ್ಧ ಗಂಟೆ ಬಿಟ್ಟು ತೆರೆದರೂ ಎಚ್ಚರ. ಫೈಲು ಅಳಿಸಿ ಬರೆದೆ, ಬರೆದು ಅಳಿಸಿದೆ. ಶನಿವಾರವೂ ಬಂತು. ಕಸ ಗುಡಿಸುತ್ತಿದ್ದ ನಮ್ಮ ಅಟೆಂಡರ್ ರಂಗಮ್ಮ ಪೊರಕೆ ನಿಲ್ಲಿಸಿ, "ಅದ್ಯಾಕ್ ಸಾ ಅಂಗೆ ತಲೆ ಚಚ್ಕಂತೀರಾ?" ಎಂದರು. ಹೇಳಿದೆ.

"ಅಲ್ಲ ಸಾ, ಮಲಗೈತಾ ಮಲಗೈತಾ ಅಂತ ಎಬ್ಬಿಸಿ ಎಬ್ಬಿಸಿ ಕೇಳುದ್ರೆ ಅದು ಇನ್ನೆಂಗೆ ಮಲಗ್ತದೆ? ಕೂಸಿನ ತೊಟ್ಟಿಲ ತಾವ ಇಂಗ್ ಮಾಡಿದ್ರೆ ನಿಮ್ಮನೆ ಅಮ್ಮೋರು ಸುಮ್ನೆ ಬುಡ್ತಿದ್ರಾ?"

ಥೂ ನನ್ನ ಬುದ್ಧಿಗಿಷ್ಟು! ಪಾವಗಡದ ಮಾವ ನೆನಪಾದರು. ಹಬ್ಬಕ್ಕೆ ಹೋಗಿ ಒಬ್ಬಟ್ಟು ತಿಂದು ಅಡ್ಡಾದರೆ ಸಾಕು, ಭುಜ ಅಲುಗಿಸಿ, ತಮ್ಮ ತೆಲುಗಿನಲ್ಲಿ "ಅಲ್ಲುಡೂ, ನಿದ್ರ ಪಟ್ಟಿಂದಾ?" ಎಂದು ಅಳಿಯನಿಗೆ ನಿದ್ದೆ ಹತ್ತಿತೇ ಅಂತ ಅಕ್ಕರೆಯಿಂದ ವಿಚಾರಿಸುತ್ತಿದ್ದರು. ಅವರನ್ನು ಎಷ್ಟು ಬೈದುಕೊಂಡಿದ್ದೆ! ಎಬ್ಬಿಸದೆಯೇ ನೋಡುವ ಆಜ್ಞೆಯೊಂದು ಕೈಪಿಡಿಯ ಮುಂದಿನ ಪುಟದಲ್ಲೇ ಇತ್ತು. ಲೈಬ್ರೇರಿಯನ್ನಾಗಿಯೂ ನಾನು ಪುಟ ತಿರುವಿರಲಿಲ್ಲ, ಅಷ್ಟೆ. ಹತ್ತು ನಿಮಿಷ ಕೈಕಟ್ಟಿ ಕೂತು ಆ ಆಜ್ಞೆ ಕೊಟ್ಟರೆ, ಪ್ರೋಗ್ರಾಂ ಸುಖವಾಗಿ ಮಲಗಿತ್ತು.

ಸೋಮವಾರ ಪ್ರಿನ್ಸಿಪಾಲರು ಬಂದು ತಮ್ಮ ಮೊಬೈಲಿನಲ್ಲೇ ಪಟ್ಟಿ ಒತ್ತಿದರು. ಒಂದು ಕ್ಷಣ, ಎರಡು ಕ್ಷಣ, ಏನೂ ಇಲ್ಲ. ಮಲಗಿದ್ದದ್ದು ಏಳಬೇಕಲ್ಲ! ಮೂರನೆಯದಕ್ಕೆ ಪುಸ್ತಕಗಳೆಲ್ಲ ಸಾಲಾಗಿ ಕಾಣಿಸಿದವು. "ಭಲೇ! ಹೆಂಗ್ರೀ ಮಾಡಿದ್ರಿ?" ಎಂದರು. ಗುಜರಿ ತಪ್ಪಿದ ಹಿಗ್ಗಿನಲ್ಲಿ ನನ್ನ ಬಾಯಿಗೆ ಬೀಗವಿರಲಿಲ್ಲ. ಕೆಲಸ ಬಂದಾಗ ಎದ್ದು ಬಂದರೆ ಸಾಕು ಸಾರ್, ಇಡೀ ದಿನ ಜಾಗ ಹಿಡಿದು ಕೂರುವುದು ದಂಡ ಎಂದು ಅರ್ಧ ಗಂಟೆ ವಿವರಿಸಿದೆ. ಅವರು ತಲೆದೂಗುತ್ತ ಕೇಳಿದರು. ಖಾಲಿ ಲೈಬ್ರರಿಯನ್ನು ನೋಡಿದರು, ನನ್ನ ಕುರ್ಚಿಯನ್ನು ನೋಡಿದರು.

"ಸರಿಯಾಗ್ ಹೇಳಿದ್ರಿ ಕಣ್ರೀ. ಇಲ್ಲಿ ರಂಗಮ್ಮ ಕೂತಿರ್ಲಿ. ಯಾರಾನ ಬಂದ್ರೆ ನಿಮ್ಮನ್ನ ಕರೀತಾರೆ. ಅಲ್ಲೀಗಂಟ ನೀವು ಮೇಲ್ಗಡೆ ಪರೀಕ್ಷೆ ವಿಭಾಗದಾಗೆ ಹಾಲ್ ಟಿಕೆಟ್‌ಗೆ ಸೀಲ್ ಒತ್ರೀ."

ಈಗ ಕಂಪ್ಯೂಟರು ನೆಮ್ಮದಿಯಾಗಿ ಮಲಗುತ್ತದೆ. ಫ್ಯಾನಿನ ಕೆಳಗಿನ ನನ್ನ ಕುರ್ಚಿಯಲ್ಲಿ ರಂಗಮ್ಮನೂ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ. ಇಡೀ ಲೈಬ್ರರಿಯಲ್ಲಿ ಎಚ್ಚರವಾಗಿರುವವನು ನಾನೊಬ್ಬನೇ, ಅದೂ ಎರಡು ಮಹಡಿ ಮೇಲೆ, ಸೀಲು ಹಿಡಿದುಕೊಂಡು.