ಸೂಜಿಗಳಿಗೆ ರಜೆ

ಮರದ ಚಪ್ಪಲಿಯ ಬಾರು ಸರಿಮಾಡಲು ತೊಕುಜಿ ಬಗ್ಗಿದ್ದೇ ತಪ್ಪಾಯಿತು. ಕಿಮೊನೊ ಮೇಲೆ ಸೊಂಟಕ್ಕೆ ಕಟ್ಟುವ, ಅಪ್ಪನ ಕಾಲದ ನೆರಿಗೆಯ ರೇಷ್ಮೆ ಹಕಾಮ ಹಿಂಭಾಗದಲ್ಲಿ ಪರ್ರೆಂದು ಹರಿದು, ಒಳಗಿನ ಕಿಮೊನೊದ ತೇಪೆಗಳೆಲ್ಲ ಇಣುಕತೊಡಗಿದವು. ಅವನಲ್ಲಿದ್ದದ್ದು ಅದೊಂದೇ ಹಕಾಮ.

ಬೇರೆ ದಿನವಾಗಿದ್ದರೆ ಕ್ಯೋತೊದ ಆ ಓಣಿಯಲ್ಲಿ ಯಾರಾದರೂ ಹೊಲಿದುಕೊಡುತ್ತಿದ್ದರು. ಆದರೆ ಇವತ್ತು ಡಿಸೆಂಬರ್ ಎಂಟು. ದುಡಿದು ಮುರಿದ ಸೂಜಿಗಳನ್ನು ದೇಗುಲಕ್ಕೆ ಒಯ್ದು, ಮೆತ್ತನೆಯ ತೋಫುವಿನಲ್ಲಿ ಚುಚ್ಚಿ ಮಲಗಿಸುವ ದಿನ. ಮುರಿಯದ ಸೂಜಿಗಳಿಗೂ ಅವತ್ತು ರಜೆ. ಹೊಲಿಗೆ ಶಾಲೆಗೂ ರಜೆ ಇದ್ದದ್ದರಿಂದಲೇ ಅದರ ಒಡತಿ ಶಿಗೆನೊ ಅಮ್ಮನವರು ಇವತ್ತು ಬರಹೇಳಿದ್ದರು. ಮಗಳು ಚಿಯೆಯನ್ನು ತೊಕುಜಿಗೆ ಕೊಡುವುದೋ ಬೇಡವೋ ಎಂಬ ಕೊನೆಯ ಮಾತು ಇವತ್ತೇ. ಬಾಚಣಿಗೆ ಅಂಗಡಿಯ ಗುಮಾಸ್ತ ತೊಕುಜಿಗೆ ನಲವತ್ತು ಸಮೀಪಿಸಿತ್ತು. ಇನ್ನೊಂದು ಮನೆಯಲ್ಲಿ ಮಂಡಿಯೂರಿ ಕೂತು, ಚಹಾ ಕುಡಿದು, ಬೇಡವೆನ್ನಿಸಿಕೊಂಡು ಬರುವ ತ್ರಾಣ ಉಳಿದಿರಲಿಲ್ಲ.

"ಒಂದೇ ಒಂದು ಹೊಲಿಗೆ ಹಾಕಿಕೊಡಿ ಅಕ್ಕಾ," ಎಂದು ಪಕ್ಕದ ಮನೆಯ ಒಕಾನೆಯನ್ನು ಬೇಡಿದ.

"ಅಯ್ಯಯ್ಯೋ, ಇವತ್ತು ಸೂಜಿ ಮುಟ್ಟೋದಾ? ಅನ್ನದ ಗಂಜಿ ಹಚ್ಚಿ ಅಂಟಿಸ್ತೀನಿ. ಬಗ್ಗು!"

ಗಂಜಿ ಒಣಗಿತು. ತೊಕುಜಿ ಹಪ್ಪಳ ಉಟ್ಟವನಂತೆ ನಡೆದ. ಸೇತುವೆಯ ಮೆಟ್ಟಿಲು ಹತ್ತುವಾಗ ಹಪ್ಪಳ ಮುರಿದು, ಗೇಣುದ್ದದ ಹರಕು ಮೊಳದುದ್ದವಾಯಿತು. ಗಂಜಿಯ ಆಸೆಗೆ ಗುಬ್ಬಚ್ಚಿಗಳು ಬೆನ್ನುಹತ್ತಿದವು.

"ಏನಯ್ಯಾ, ಹಿಂದ್ಗಡೆ ಬಾಗ್ಲು ತೆಗೆದಿಟ್ಟು ಎಲ್ಲಿಗೆ ಸವಾರಿ?" ತೋಫು ಅಂಗಡಿಯ ಮುದುಕ ನಕ್ಕ. "ಕುಸಾಕಾ ಡಾಕ್ಟ್ರ ಹತ್ರ ಹೋಗು. ಅವರ ಸೂಜಿಗೆಲ್ಲಿ ರಜೆ?"

ಡಾಕ್ಟರು ಅವನನ್ನು ಮೇಜಿನ ಮೇಲೆ ಬೋರಲು ಮಲಗಿಸಿ, ಗಾಯ ಹೊಲಿಯುವ ಬಾಗಿದ ಸೂಜಿ ಎತ್ತಿಕೊಂಡರು.

"ನೋವಾಗ್ತಿದೆಯಾ?"

"ಹಕಾಮಕ್ಕಾ?"

"ಕ್ಷಮಿಸಿ, ಅಭ್ಯಾಸ. ವಾರ ಬಿಟ್ಟು ಹೊಲಿಗೆ ಬಿಚ್ಚಿಸೋಕೆ ಬನ್ನಿ."

ಶಿಗೆನೊ ಅಮ್ಮನವರ ಮನೆಯಲ್ಲಿ ತೊಕುಜಿ ಗೋಡೆಗೆ ಬೆನ್ನು ಕೊಟ್ಟು ಏಡಿಯಂತೆ ಅಡ್ಡಡ್ಡ ಸರಿದ. ಬಚ್ಚಿಟ್ಟಿದ್ದೇ ಅವರ ಕಣ್ಣಿಗೆ ಬಿತ್ತು.

"ತಿರುಗಿ."

ತಿರುಗಿದ.

"ಇವತ್ತಿನ ದಿನ ಸೂಜಿ ಹಿಡಿದೋರು ಯಾರು?"

"ಕುಸಾಕಾ ಡಾಕ್ಟ್ರು, ಅಮ್ಮಾ. ಅದು ಮೈ ಹೊಲಿಯೋ ಸೂಜಿ. ಬಟ್ಟೇದಲ್ಲ."

ಕತೆ ಮುಗಿಯಿತು ಎಂದುಕೊಂಡ. ಅಮ್ಮನವರು ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು.

"ಚಿಯೆ, ಬಾರೇ ಇಲ್ಲಿ! ಒಂದೊಂದು ಹೊಲಿಗೆಗೂ ಬೇರೆ ಗಂಟು. ಒಂದು ಬಿಚ್ಚಿದ್ರೂ ಮಿಕ್ಕಿದ್ದು ಹಿಡ್ಕೊಂಡಿರತ್ತೆ. ಎಂಥ ಕೈ, ಎಂಥ ತಾಳ್ಮೆ! ನಾನಿಷ್ಟು ವರ್ಷ ಬಾಯಿ ಬಡ್ಕೊಂಡ್ರೂ ನಮ್ಮ ಶಾಲೇಲಿ ಒಬ್ಬಳಿಗೂ ಇದು ಬರ್ಲಿಲ್ಲ."

ತಾಯಿ ಮಗಳಿಬ್ಬರೂ ಅವನ ಹಿಂದೆ ಕೂತು ಕಣ್ಣು ಕೀಳದೆ ನೋಡಿದರು. ತನ್ನನ್ನು ಯಾರೂ ಇಷ್ಟು ಮೆಚ್ಚಿ ನೋಡಿದ್ದು ತೊಕುಜಿಗೆ ನೆನಪಿರಲಿಲ್ಲ. ಮೈಯೆಲ್ಲ ಬೆಚ್ಚಗಾಯಿತು.

"ತೊಕುಜಿಯವರೇ, ಆ ಡಾಕ್ಟ್ರಿಗೆ ಮದುವೆ ಆಗಿದೆಯಾ?"

"ಇಲ್ಲಮ್ಮಾ," ಎಂದುಬಿಟ್ಟ. ಸುಳ್ಳು ಹೇಳಲೂ ಸುಸ್ತಾಗಿತ್ತು.

"ಒಳ್ಳೇದಾಯ್ತು. ನಿಮಗೆ ಪರಿಚಯದೋರು ಬೇರೆ. ನಮ್ಮ ಚಿಯೆ ವಿಷ್ಯ ನೀವೇ ಅವರ ಕಿವಿಗೆ ಹಾಕ್ಬೇಕು."

ಚಿಯೆ ಮೊದಲ ಸಲ ಅವನ ಮುಖ ನೋಡಿ ನಾಚಿ ನಕ್ಕಳು.

"ಇವತ್ತೇ ಹೋಗಿ ಬರ್ತೀರಾ, ಅಣ್ಣಾ?"